ಕಪ್ಪು ರೇನ್‌ಕೋಟಿನ ಸವಾರ ಕಾಣುವುದಾದರೂ ಹೇಗೆ?

ಜುಲೈ ತಿಂಗಳಲ್ಲಿ ಸಂಜೆ ಏಳು ದಾಟಿದ ಮೇಲೆ ಮುಂಬೈಯ ಆಂಟಾಪ್ ಹಿಲ್‌ನ ರಸ್ತೆಗಳಲ್ಲಿ ಎಲ್ಲರಿಗಿಂತ ತಡವಾಗಿ ಕಣ್ಣಿಗೆ ಬೀಳುವವನು ಬೈಕ್ ಸವಾರ. ಒಂದು ಕಡೆ ವಡಾಲಾ ಟ್ರಕ್ ಟರ್ಮಿನಲ್‌ನ ಲಾರಿಗಳು, ಇನ್ನೊಂದು ಕಡೆ ಮಾಹುಲ್ ರಿಫೈನರಿಗಳತ್ತ ಹೋಗಿಬರುವ ಟ್ಯಾಂಕರುಗಳು, ನಡುವೆ ಸಿ.ಜಿ.ಎಸ್. ಕಾಲೊನಿಯ ಗೇಟುಗಳಿಂದಲೂ ಶೇಖ್ ಮಿಸ್ರಿ ರಸ್ತೆಯ ಅಡ್ಡದಾರಿಗಳಿಂದಲೂ ಹೊರಬೀಳುವ ಸ್ಕೂಟರು, ಬೈಕುಗಳು. ಸವಾರರಲ್ಲಿ ಹೆಚ್ಚಿನವರ ಹೆಲ್ಮೆಟ್ ಕಪ್ಪು, ರೇನ್‌ಕೋಟ್ ಕಪ್ಪು ಇಲ್ಲವೇ ಕಡುನೀಲಿ, ಕೆಳಗೆ ನೆನೆದು ಕಪ್ಪಾದ ಡಾಂಬರು. ಪಕ್ಕದಲ್ಲಿ ನಿಂತ ಲಾರಿಯನ್ನು ನೋಡಿ: ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದರ ಹಿಂಬದಿಗೆ ಕೆಂಪು, ಪಕ್ಕಕ್ಕೆ ಹಳದಿ, ಮುಂಭಾಗಕ್ಕೆ ಬಿಳಿ ರೇಡಿಯಂ ಪಟ್ಟಿ ಅಂಟಿಸಿರಬೇಕು. ಮನೆಯಷ್ಟು ದೊಡ್ಡದಾದ ವಾಹನವೂ ಕತ್ತಲಲ್ಲಿ ಕಾಣದೆ ಹೋಗಬಹುದೆಂದು ಕಾನೂನು ಒಪ್ಪಿಕೊಂಡಿದೆ. ಅದರ ಪಕ್ಕದಲ್ಲೇ ನುಸುಳುವ ಬೈಕಿಗೆ ಮಾತ್ರ ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಇದ್ದರೆ ಸಾಕು, ಸವಾರನ ಮೈಮೇಲೆ ಏನೂ ಬೇಕಿಲ್ಲ. ಸವಾರರು ಎದ್ದು ಕಾಣುವ ಉಡುಪು ತೊಡಬೇಕೇ ಎಂದು ಕೇಳಿದರೆ, ತೊಡಲೇಬೇಕು ಎಂಬುದು ನನ್ನ ಉತ್ತರ. ಆದರೆ ಗಿಳಿಹಸಿರು ಜಾಕೆಟ್ ಒಂದನ್ನು ಕೊಂಡು ಹಾಕಿಕೊಂಡರೆ ಕೆಲಸ ಮುಗಿಯಿತು ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮುಂಬೈಯಂಥ ಊರಿನಲ್ಲಿ ಏನನ್ನು, ಯಾವ ಹೊತ್ತಿನಲ್ಲಿ, ಮೈಯ ಯಾವ ಭಾಗದಲ್ಲಿ ತೊಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಇವರೆಲ್ಲ ಕಾಣಿಸದೆ ಸತ್ತರು ಎನ್ನಲಾಗದು. ವೇಗ, ಕುಡಿತ, ಹೆಲ್ಮೆಟ್ ಇಲ್ಲದಿರುವುದು, ಹೊಂಡ ಎಲ್ಲವೂ ಇದರಲ್ಲಿ ಸೇರಿವೆ. ಆದರೂ ಕಾಣಿಸದಿರುವುದರ ಪಾಲು ಸಣ್ಣದಲ್ಲ. ಅಮೆರಿಕದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್‌ನಲ್ಲಿ ಸುಮಾರು 900 ಬೈಕ್ ಅಪಘಾತಗಳ ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಇನ್ನೊಂದು ವಾಹನಕ್ಕೆ ಡಿಕ್ಕಿಯಾದ ಪ್ರಕರಣಗಳ ಪೈಕಿ ಮೂರರಲ್ಲಿ ಎರಡರಷ್ಟರಲ್ಲಿ ಬೈಕಿಗೆ ದಾರಿ ಬಿಡಬೇಕಿದ್ದ ಚಾಲಕನೇ ಅಡ್ಡ ನುಗ್ಗಿದ್ದ. ಬೈಕ್ ಕಾಣಲೇ ಇಲ್ಲ ಎಂದು ಇಂಥ ಚಾಲಕರು ಹೇಳುವುದು ಪ್ರತಿ ಸಲವೂ ತಪ್ಪಿಸಿಕೊಳ್ಳುವ ಮಾತಲ್ಲ. ನಾವು ರಸ್ತೆಯ ಎರಡೂ ಬದಿ ನೋಡುವಾಗ ಕಣ್ಣು ಒಂದೇ ಸಮನೆ ಸಾಗುವುದಿಲ್ಲ, ಜಿಗಿಜಿಗಿದು ನಿಲ್ಲುತ್ತದೆ. ಜಿಗಿಯುವ ಆ ಕ್ಷಣದಲ್ಲಿ ಮಿದುಳಿಗೆ ಏನೂ ಸರಿಯಾಗಿ ದಾಖಲಾಗುವುದಿಲ್ಲ. ಕಾರು, ಬಸ್ಸು ಅಗಲವಾದ್ದರಿಂದ ಹೇಗೋ ಸಿಕ್ಕಿಬಿಡುತ್ತವೆ. ಬೈಕಿನ ಸಣ್ಣ ಆಕಾರ ಎರಡು ನೋಟಗಳ ನಡುವೆ ಜಾರಿಹೋಗುತ್ತದೆ. ಕಂಡರೂ, ಚಿಕ್ಕದಾಗಿ ಕಂಡದ್ದು ಇನ್ನೂ ದೂರದಲ್ಲಿದೆ ಎಂದೇ ಮನಸ್ಸು ಲೆಕ್ಕ ಹಾಕುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಅಪಾಯ ಕಂಡು, ಬ್ರೇಕ್ ಒತ್ತಿ, ಒದ್ದೆ ರಸ್ತೆಯಲ್ಲಿ ನಿಲ್ಲಲು ಅದಕ್ಕೆ 45 ಮೀಟರ್ ಆಸುಪಾಸು ಬೇಕು. ಕಪ್ಪು ರೇನ್‌ಕೋಟಿನವನು 30 ಮೀಟರ್ ದೂರದಲ್ಲಿ ಕಂಡರೆ ಚಾಲಕ ಎಷ್ಟೇ ಒಳ್ಳೆಯವನಾದರೂ ಏನೂ ಮಾಡಲಾರ.

ಉಡುಪಿನಿಂದ ಇದು ಬದಲಾಗುತ್ತದೆಯೇ? ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ 1993ರಿಂದ 1996ರವರೆಗೆ ಗಾಯಗೊಂಡ ಅಥವಾ ಸತ್ತ 463 ಸವಾರರನ್ನು, ಅದೇ ರಸ್ತೆಗಳಲ್ಲಿ ಅಪಘಾತವಿಲ್ಲದೆ ಓಡಾಡಿದ 1,233 ಸವಾರರೊಂದಿಗೆ ಹೋಲಿಸಿದರು. ಹೊಳೆಯುವ ಅಥವಾ ಬೆಳಕು ಮರಳಿಸುವ ಬಟ್ಟೆ ತೊಟ್ಟವರಿಗೆ ಅಪಾಯ ಶೇ. 37ರಷ್ಟು ಕಡಿಮೆ. ಕಪ್ಪು ಹೆಲ್ಮೆಟ್‌ನವರಿಗಿಂತ ಬಿಳಿ ಹೆಲ್ಮೆಟ್‌ನವರಿಗೆ ಶೇ. 24ರಷ್ಟು, ಹಗಲಲ್ಲೂ ಹೆಡ್‌ಲೈಟ್ ಉರಿಸಿದವರಿಗೆ ಶೇ. 27ರಷ್ಟು ಕಡಿಮೆ. ಹೆಡ್‌ಲೈಟಿನ ಮಾತನ್ನು ನಮ್ಮ ಸರ್ಕಾರ ಈಗಾಗಲೇ ಒಪ್ಪಿದೆ: 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ದೀಪ ತಾನಾಗಿ ಉರಿಯುತ್ತಲೇ ಇರುತ್ತದೆ. ಇಲ್ಲೊಂದು ನ್ಯಾಯವಾದ ಸಂದೇಹ ಏಳುತ್ತದೆ. ಇಂಥ ಬಟ್ಟೆ ಹಾಕುವವರು ಮೊದಲೇ ಹುಷಾರಿಗಳಲ್ಲವೇ, ಪುಣ್ಯವೆಲ್ಲ ಬಟ್ಟೆಯದೇ? ಇದಕ್ಕೆ ಉತ್ತರ ಡೆನ್ಮಾರ್ಕಿನಿಂದ ಬಂತು. ಅಲ್ಲಿ ಸುಮಾರು 6,800 ಸೈಕಲ್ ಸವಾರರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರ ಹಳದಿ ಜಾಕೆಟ್ ಕೊಟ್ಟರು. ಒಂದು ವರ್ಷದಲ್ಲಿ ಆ ಗುಂಪಿನವರಿಗೆ ಬೇರೆಯವರ ಡಿಕ್ಕಿಯಿಂದ ಆದ ಗಾಯಗಳು ಶೇ. 47ರಷ್ಟು ಕಡಿಮೆ, ವರದಿ ಮಾಡುವಲ್ಲಿನ ಏರುಪೇರು ಕಳೆದರೂ ಶೇ. 38. ಸೈಕಲ್ಲು ಬೈಕಲ್ಲ ನಿಜ, ಆದರೆ ಎರಡರ ಸವಾರರನ್ನೂ ನೋಡಬೇಕಾದದ್ದು ಅದೇ ಕಾರಿನ ಚಾಲಕ.

ಈಗ ಗಿಳಿಹಸಿರು ಜಾಕೆಟ್ಟಿನ ಮಾತು. ಅದರ ಬಣ್ಣ ಬಿಸಿಲಿನಲ್ಲಿರುವ ಅತಿನೇರಳೆ ಕಿರಣವನ್ನು ಕಾಣುವ ಬೆಳಕಾಗಿಸಿ ಹೊಳೆಯುತ್ತದೆ. ಮೋಡ ಕವಿದ ಹಗಲಲ್ಲಿ, ಮುಸ್ಸಂಜೆಯಲ್ಲಿ ಅದು ಅಮೂಲ್ಯ. ಬೀದಿದೀಪದ ಕೆಳಗೆ ಆ ಕಿರಣವೇ ಇಲ್ಲದ್ದರಿಂದ ಅದೂ ಒಂದು ಮಾಮೂಲಿ ಬಟ್ಟೆಯಷ್ಟೇ. ರಾತ್ರಿ ಕೆಲಸ ಮಾಡುವುದು ರೇಡಿಯಂ ಪಟ್ಟಿ. ಅದರಲ್ಲಿನ ಸೂಕ್ಷ್ಮ ಗಾಜಿನ ಮಣಿಗಳು ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತವೆ. ಹಿಂದಿನಿಂದ ಬರುವ ಟ್ಯಾಂಕರಿಗೆ ಅದು ಚೆನ್ನಾಗಿ ಕಾಣುತ್ತದೆ. ಅಡ್ಡದಾರಿಯಿಂದ ಮೂತಿ ಹೊರಹಾಕುವ ಕಾರಿನ ದೀಪ ಇನ್ನೂ ಸವಾರನ ಮೇಲೆ ಬಿದ್ದಿರುವುದೇ ಇಲ್ಲ, ಆಗ ಪಟ್ಟಿ ಇದ್ದೂ ಇಲ್ಲದಂತೆ. ಹಿನ್ನೆಲೆಯ ಪ್ರಶ್ನೆಯೂ ಇದೆ. ಎದ್ದು ಕಾಣುವುದು ಬಟ್ಟೆಯ ಗುಣವಷ್ಟೇ ಅಲ್ಲ, ಬಟ್ಟೆಗೂ ಅದರ ಹಿಂದಿನ ನೋಟಕ್ಕೂ ಇರುವ ವ್ಯತ್ಯಾಸ; ಗಿಜಿಗುಡುವ ನಗರದ ಬೀದಿಯಲ್ಲಿ ಹೊಳೆಯುವ ಬಟ್ಟೆ ಪ್ರತಿ ಸಲವೂ ಗೆಲ್ಲುವುದಿಲ್ಲವೆಂದು ಬ್ರಿಟನ್ನಿನ ಸಂಶೋಧಕರು 1996ರಲ್ಲೇ ತೋರಿಸಿದ್ದಾರೆ. ಹಳದಿ ಬ್ಯಾರಿಕೇಡು, ಹಳದಿ ಮಾಡಿನ ಟ್ಯಾಕ್ಸಿ, ಕೆಂಪು ಬಸ್ಸು, ಬಣ್ಣಬಣ್ಣದ ಹೋರ್ಡಿಂಗು ತುಂಬಿದ ಮುಂಬೈಯಲ್ಲಿ ಇದು ಹೆಚ್ಚು ನಿಜ.

ಹಾಗಾದರೆ ಹೆಚ್ಚು ಫಲ ಎಲ್ಲಿ? ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ರಾತ್ರಿ ಹೊತ್ತು ನಡೆಸಿದ ಪ್ರಯೋಗವೊಂದರ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಕಪ್ಪು ಬಟ್ಟೆಯ ಸೈಕಲ್ ಸವಾರನನ್ನು ಚಾಲಕರು ಗುರುತಿಸಿದ್ದು ಶೇ. 2ರಷ್ಟು ಸಲ, ಬರೀ ಹೊಳೆಯುವ ಬಣ್ಣದ ಜಾಕೆಟ್ಟಿಗೆ ಶೇ. 15, ರೇಡಿಯಂ ಪಟ್ಟಿಯ ಜಾಕೆಟ್ಟಿಗೆ ಶೇ. 50. ಅದರ ಜೊತೆ ಮೊಣಕಾಲಿಗೂ ಪಾದದ ಗಂಟಿಗೂ ಪಟ್ಟಿ ಕಟ್ಟಿದಾಗ ಶೇ. 90. ಆಡುವ ಕಾಲನ್ನು ಕಂಡ ಕೂಡಲೇ ಮಿದುಳು ಅದು ಮನುಷ್ಯನೆಂದು ತಿಳಿಯುತ್ತದೆ. ಬೈಕಿನ ಮೇಲೆ ಕಾಲು ತುಳಿಯುವುದಿಲ್ಲ, ನಿಜ. ಆದರೆ ಸಿಗ್ನಲ್ಲಿನಲ್ಲಿ ಕೆಳಗಿಳಿಯುವ ಕಾಲು, ತಿರುಗುವ ಹೆಲ್ಮೆಟ್ ಇವೆರಡೂ ಆಡುವ ಭಾಗಗಳೇ. ಅದಲ್ಲದೆ ಬೆನ್ನು ಎಂಬುದು ಮುಂಬೈಯಲ್ಲಿ ಖಾಲಿ ಇರುವುದು ಕಡಿಮೆ. ಹಿಂದೆ ಹೆಂಡತಿಯೋ ಮಗಳೋ ಕೂತರೆ ಜಾಕೆಟ್ ಮುಚ್ಚಿಹೋಯಿತು. ಆಫೀಸಿಗೆ ಹೋಗುವವನ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್, ಊಟ ತಲುಪಿಸುವ ಹುಡುಗನ ಬೆನ್ನಿಗೆ ಭುಜಕ್ಕಿಂತ ಅಗಲದ ಚೌಕ ಡಬ್ಬ. ಆ ಡಬ್ಬದ ಮೇಲೆ ಕಂಪನಿಯ ಹೆಸರನ್ನು ಅಂಗೈ ಅಗಲದ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಅದೇ ಹೆಸರನ್ನು ಬೆಳಕು ಮರಳಿಸುವ ಬಟ್ಟೆಯಲ್ಲಿ ಹೊಲಿದರೆ ಜಾಹೀರಾತೂ ಆದೀತು, ಜೀವವೂ ಉಳಿದೀತು. ಇದು ಕಂಪನಿಗಳು ನಾಳೆಯೇ ಮಾಡಬಹುದಾದ ಕೆಲಸ. ಇನ್ನು ರೇನ್‌ಕೋಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆ ಏನೇ ತೊಟ್ಟರೂ ಹೊರಗೆ ಕಾಣುವುದು ಅದೊಂದೇ. ಕೊಳೆ ತೋರದೆಂದು ಕಪ್ಪು ಬಣ್ಣ ಆರಿಸುತ್ತೇವೆ, ರಸ್ತೆಯಲ್ಲಿ ನಾವೂ ತೋರುವುದಿಲ್ಲ.

ಸೆಕೆಯ ಆಕ್ಷೇಪಕ್ಕೆ ಉತ್ತರ ಸುಲಭ: ಅಂಗಿಯ ಮೇಲೆ ತೊಡುವ ತೆಳು ಜಾಲರಿಯ ತೋಳಿಲ್ಲದ ಜಾಕೆಟ್ಟಿಗೆ ತೂಕವೇ ಇಲ್ಲ, ಹೆಲ್ಮೆಟ್ಟಿಗೆ ಅಂಟಿಸಿದ ಪಟ್ಟಿಗೆ ಸೆಕೆಯೇ ಇಲ್ಲ. ಎಲ್ಲರೂ ತೊಟ್ಟರೆ ಯಾರೂ ಎದ್ದು ಕಾಣುವುದಿಲ್ಲ ಎನ್ನುವವರಿದ್ದಾರೆ. ಅಪರೂಪವಾಗಿದ್ದರೆ ಮಾತ್ರ ಕಾಣುವುದಾದರೆ ಲಾರಿಗಳ ರೇಡಿಯಂ ಪಟ್ಟಿ ಎಂದೋ ವ್ಯರ್ಥವಾಗಬೇಕಿತ್ತು. ಕತ್ತಲಲ್ಲಿ ಬೆಳಕು ಮರಳಿಸುವ ವಸ್ತು ಎಷ್ಟು ಜನರ ಮೈಮೇಲಿದ್ದರೂ ಕತ್ತಲಿಗಿಂತ ಬೇರೆಯಾಗಿಯೇ ಕಾಣುತ್ತದೆ. ಹೊಂಡಕ್ಕೆ ಬಿದ್ದವನನ್ನು ಜಾಕೆಟ್ ಕಾಯುವುದಿಲ್ಲ ಎಂಬ ಮಾತಿಗೆ ಮಾತ್ರ ನನ್ನಲ್ಲಿ ಎದುರುತ್ತರವಿಲ್ಲ, ಅದು ಪೂರ್ತಿ ನಿಜ. ರಸ್ತೆ ನೋಡಿಕೊಳ್ಳಬೇಕಾದವರು ತಮ್ಮ ಹೊಣೆಯನ್ನು ಸವಾರನ ಅಂಗಿಗೆ ದಾಟಿಸಲು ಬಿಡಬಾರದು.

ಅದಕ್ಕಾಗಿಯೇ ಈ ಉಡುಪನ್ನು ದಂಡ ಹಾಕಿ ತೊಡಿಸುವುದನ್ನು ನಾನು ವಿರೋಧಿಸುತ್ತೇನೆ. ಕೊಲಂಬಿಯಾದಲ್ಲಿ ಸಂಜೆ ಆರರಿಂದ ಬೆಳಗಿನ ಆರರವರೆಗೆ ರೇಡಿಯಂ ಜಾಕೆಟ್ ಕಡ್ಡಾಯ, ಫ್ರಾನ್ಸಿನಲ್ಲಿ 2016ರಿಂದ ಬೈಕಿನಲ್ಲಿ ಅದನ್ನು ಇಟ್ಟುಕೊಂಡಿರಲೇಬೇಕು. ನಮ್ಮಲ್ಲಿ ಇನ್ನೊಂದು ತೊಡಕಿದೆ. ಮುಂಬೈ ಸಂಚಾರ ಪೊಲೀಸರು 2022ರಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿ 500 ರೂಪಾಯಿ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತು ಎಂದರು; ಹೆಲ್ಮೆಟ್ ಪ್ರಾಣ ಉಳಿಸುವುದು ನಿಸ್ಸಂದೇಹವಾದ್ದರಿಂದ ಅದು ಸರಿ. ಜಾಕೆಟ್ಟೂ ಕಡ್ಡಾಯವಾದರೆ, ಪರಿಹಾರ ಕೇಳಿ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋದ ಕುಟುಂಬಕ್ಕೆ ವಿಮಾ ಕಂಪನಿಯ ವಕೀಲರು ಕೇಳುವ ಮೊದಲ ಪ್ರಶ್ನೆ, ಸತ್ತವನು ಜಾಕೆಟ್ ಹಾಕಿದ್ದನೇ ಎಂಬುದಾಗುತ್ತದೆ. ಕಡ್ಡಾಯ ಮಾಡುವುದಾದರೆ ತಯಾರಕರಿಗೆ ಮಾಡಲಿ. ಎದ್ದು ಕಾಣುವ ಉಡುಪಿಗೆ ಐ.ಎಸ್. 15809 ಎಂಬ ಭಾರತೀಯ ಮಾನಕ ಈಗಾಗಲೇ ಇದೆ. ಬೈಕ್ ಸವಾರರಿಗೆಂದು ಮಾರುವ ಪ್ರತಿ ರೇನ್‌ಕೋಟಿನ ತೋಳಿಗೆ, ಕಾಲಿಗೆ, ಪ್ರತಿ ಡೆಲಿವರಿ ಡಬ್ಬದ ಮೂರು ಬದಿಗೆ ಆ ಗುಣಮಟ್ಟದ ಪಟ್ಟಿ ಇರಲೇಬೇಕೆಂದರೆ ಸವಾರನಿಗೆ ಪ್ರತ್ಯೇಕ ಖರ್ಚೂ ಇಲ್ಲ, ನಾಕಾಬಂದಿಯಲ್ಲಿ ಜೇಬಿಗೆ ಕೈ ಹಾಕುವ ಭಯವೂ ಇಲ್ಲ.