ತೋಳು ತೊಡೆಗಳಲ್ಲಿ ಏಳುವ ತರಿಗುಳ್ಳೆಗಳು

ಮಗಳ ತೋಳಿನ ಮೇಲೆ ಸಣ್ಣ ಗುಳ್ಳೆಗಳೆದ್ದು ಚರ್ಮವು ತರಿತರಿಯಾಗಿರುವುದನ್ನು ಕಂಡು, ಮೈಯನ್ನು ಚೆನ್ನಾಗಿ ತೊಳೆಯದುದರ ಫಲವಿದೆಂದು ತಾಯಂದಿರು ಬಗೆಯುವುದುಂಟು. ಒಡನೆ ತೆಂಗಿನ ನಾರೋ ಉಜ್ಜುಗಲ್ಲೋ ಕೈಗೆ ಬರುತ್ತದೆ. ಹುಡುಗಿಯು ನಾಚಿ ಉದ್ದ ತೋಳಿನ ರವಿಕೆಯಲ್ಲಿ ಕೈಯನ್ನು ಮರೆಸುತ್ತಾಳೆ. ಇವೆರಡೂ ಅನಾವಶ್ಯಕ.

ಇದನ್ನು ವೈದ್ಯರು ಕೆರಟೋಸಿಸ್ ಪಿಲಾರಿಸ್ ಎನ್ನುವರು. ಚರ್ಮದ ಹೊರಪದರದ ಕೆರಟಿನ್ ಎಂಬ ವಸ್ತುವು ರೋಮಕೂಪದ ಬಾಯಲ್ಲಿ ಬಿರಡೆಯಂತೆ ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಇದು ಕೊಳೆಯಲ್ಲ, ಅಂಟುರೋಗವೂ ಅಲ್ಲ. ಅನೇಕ ವೇಳೆ ವಂಶಾನುಗತವಾಗಿ ಬರತಕ್ಕದ್ದು. ಹದಿಹರೆಯದಲ್ಲಿಯೂ ಒಣಹವೆಯ ಚಳಿಗಾಲದಲ್ಲಿಯೂ ಹೆಚ್ಚು.

ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಮಿಂದು, ಉಜ್ಜದೆ ಬಟ್ಟೆಯಿಂದ ಒತ್ತಿ ಒರಸಿ, ಮೈ ಇನ್ನೂ ತೇವವಾಗಿರುವಾಗಲೇ ಮುಲಾಮನ್ನು ಸವರಬೇಕು. ನೂರಕ್ಕೆ 10ರಿಂದ 20 ಭಾಗ ಯೂರಿಯಾ ಉಳ್ಳ ಮುಲಾಮು ಬಿರಡೆಯನ್ನು ಮೆದುಮಾಡುತ್ತದೆ. ಲ್ಯಾಕ್ಟಿಕ್ ಆಮ್ಲವುಳ್ಳದ್ದೂ ಆದೀತು. ಬಿರಿದ ಚರ್ಮಕ್ಕೆ ಹಚ್ಚಕೂಡದು, ಉರಿಯುವುದು. ಗುಣ ಕಾಣಲು ಹಲವು ವಾರಗಳು ಬೇಕು. ಬಿಟ್ಟರೆ ಗುಳ್ಳೆಗಳು ಮರಳುವುವು.

ಮೊಣಕೈ ಮೊಣಕಾಲುಗಳಲ್ಲಿ ಒರಟು ಗುಳ್ಳೆಗಳೆದ್ದರೆ, ಅದರಲ್ಲಿಯೂ ಮಗುವಿಗೆ ಸಂಜೆಗತ್ತಲಲ್ಲಿ ಕಣ್ಣು ಕಾಣದಾದರೆ, ಅದು ಆಹಾರದ ಕೊರತೆಯ ಲಕ್ಷಣವಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಉಳಿದಂತೆ, ವಯಸ್ಸು ಏರಿದ ಹಾಗೆ ಈ ಗುಳ್ಳೆಗಳು ತಾವಾಗಿ ತಗ್ಗುವುದೇ ವಾಡಿಕೆ. ಹುಡುಗಿಗೆ ಮೊದಲು ಹೇಳಬೇಕಾದ ಮಾತೂ ಅದೇ.