ವಿಜಯನಗರ–ಪೋರ್ಚುಗೀಸ್ ವಾಣಿಜ್ಯ ಮೈತ್ರಿ: 1547ರ ಒಪ್ಪಂದದ ಒಂದು ವಿವೇಚನೆ

ಚೋರನೂರಿನ ಕಡೆಯಿಂದ ಸಂಡೂರಿನ ಕಣಿವೆಯನ್ನು ಹಾದು ಹೊಸಪೇಟೆಗೆ ಬರುವ ಪ್ರಯಾಣಿಕನ ಕಣ್ಣಿಗೆ ಎರಡು ವಸ್ತುಗಳು ಬೀಳದೆ ಇರವು. ಮೊದಲನೆಯದು, ಬೆಟ್ಟಗಳ ಒಡಲಿನ ಕೆಂಪು ಅದಿರು. ಎರಡನೆಯದು, ಕಣಿವೆಯ ಬಾಯಿಯಲ್ಲಿ, ಹೊಸಪೇಟೆಯ ದಕ್ಷಿಣ ಭಾಗದಲ್ಲಿ, ಗುಡ್ಡದಿಂದ ಗುಡ್ಡಕ್ಕೆ ಹಾಯ್ದಿರುವ ಪುರಾತನ ಕೆರೆಯ ಮಹಾ ಏರಿ. ಅದಿರು ನಮ್ಮ ಕಾಲದ ಪರದೇಶ ವ್ಯಾಪಾರಕ್ಕೆ ಸೇರಿದ್ದು. ಏರಿಯಾದರೋ 16ನೆಯ ಶತಮಾನದಲ್ಲಿ ವಿಜಯನಗರದ ಅರಸರಿಗೂ ಗೋವೆಯ ಪೋರ್ಚುಗೀಸರಿಗೂ ಇದ್ದ ಸಂಬಂಧದ ಒಂದು ಕುರುಹು. ಸ್ನೇಹದಿಂದಿರುವ ಎರಡು ರಾಷ್ಟ್ರಗಳು ತಮ್ಮೊಳಗೆ ವಾಣಿಜ್ಯವನ್ನೂ ಆರ್ಥಿಕ ಸಹಕಾರವನ್ನೂ ಹೇಗೆ ನಡೆಸಿದವು, ಅದರಲ್ಲಿ ಯಾವುದು ಅಳಿಯಿತು, ಯಾವುದು ಉಳಿಯಿತು ಎಂಬುದನ್ನು ಈ ಸಂಬಂಧವನ್ನೇ ನಿದರ್ಶನವಾಗಿಟ್ಟುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಸಂಬಂಧಕ್ಕೆ ಮೂಲಕಾರಣ ಕುದುರೆ. ದಖ್ಖಣದ ಹವೆ ಮತ್ತು ಮೇವು ಉತ್ತಮ ಜಾತಿಯ ಯುದ್ಧಾಶ್ವಗಳ ಸಂತಾನವೃದ್ಧಿಗೆ ಅನುಕೂಲವಾದುವಲ್ಲ. ಅರಬಸ್ಥಾನ, ಪಾರಸಿಕ ದೇಶಗಳಿಂದ ತರಿಸಿದ ಕುದುರೆಗಳು ಇಲ್ಲಿ ಬಹುಕಾಲ ಬಾಳುತ್ತಿರಲಿಲ್ಲ. ಆದಕಾರಣ ಅಶ್ವದಳವನ್ನು ಕಾಪಾಡಿಕೊಳ್ಳಬೇಕಾದರೆ ವರ್ಷವರ್ಷವೂ ಹೊಸ ಕುದುರೆಗಳನ್ನು ಕೊಳ್ಳಲೇಬೇಕಾಗಿತ್ತು. ಉತ್ತರದಲ್ಲಿ ಮೊದಲು ಬಹಮನಿ ರಾಜ್ಯವೂ ಅನಂತರ ಬಿಜಾಪುರದ ಆದಿಲಶಾಹಿಯೂ ಇದೇ ಕುದುರೆಗಳಿಗಾಗಿ ಕಾದಿದ್ದುವು. ಒಬ್ಬನಿಗೆ ದೊರೆತ ಕುದುರೆ ಇನ್ನೊಬ್ಬನಿಗೆ ತಪ್ಪಿದಂತೆಯೇ ಸರಿ. ಪೋರ್ಚುಗೀಸ್ ಅಶ್ವವ್ಯಾಪಾರಿಯಾಗಿದ್ದ ನೂನಿಜ್‌ ಒಂದು ಸ್ವಾರಸ್ಯವಾದ ಸಂಗತಿಯನ್ನು ಬರೆದಿಟ್ಟಿದ್ದಾನೆ. ಸಾಳುವ ನರಸಿಂಹನು ಹರ್ಮುಜ್ ಮತ್ತು ಏಡನ್ನುಗಳಿಂದ ಬರುವ ಕುದುರೆಗಳನ್ನು ಸಾವಿರ ವರಹಕ್ಕೆ ಮೂರರಂತೆ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿರುವ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಕೊಳ್ಳುವವನ ಅಗತ್ಯ ಎಷ್ಟು ತೀವ್ರವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಕೃಷ್ಣದೇವರಾಯನು ಪ್ರತಿವರ್ಷ ಹರ್ಮುಜಿನ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ಅವುಗಳಲ್ಲಿ ಶ್ರೇಷ್ಠವಾದುವನ್ನು ತನ್ನ ಲಾಯಕ್ಕೆ ಇರಿಸಿಕೊಂಡು ಉಳಿದುವನ್ನು ನಾಯಕರಿಗೆ ಕೊಟ್ಟು ಹಣ ಪಡೆಯುತ್ತಿದ್ದನೆಂದೂ ಅದೇ ಲೇಖಕನು ಹೇಳುತ್ತಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದು, ವ್ಯಾಪಾರದ ಪ್ರಮಾಣ ದೊಡ್ಡದಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಈ ವಿಷಯದಲ್ಲಿ ವಿಜಯನಗರದ ಅರಸರಿಗೆ ಸ್ಪಷ್ಟವಾದ ಒಂದು ನೀತಿಯೂ ಇದ್ದಿತು. ಕೃಷ್ಣದೇವರಾಯನ ತೆಲುಗು ಕಾವ್ಯವಾದ ‘ಆಮುಕ್ತಮಾಲ್ಯದ’ದ ರಾಜನೀತಿ ಭಾಗದಲ್ಲಿ, ಬಂದರುಗಳನ್ನು ಚೆನ್ನಾಗಿ ನೋಡಿಕೊಳ್ಳಬೇಕು, ದೂರದೇಶಗಳಿಂದ ಆನೆ ಕುದುರೆಗಳನ್ನು ತರುವ ವರ್ತಕರನ್ನು ಆದರದಿಂದಲೂ ನ್ಯಾಯವಾದ ಲಾಭದಿಂದಲೂ ತನ್ನವರನ್ನಾಗಿ ಮಾಡಿಕೊಳ್ಳಬೇಕು, ಆ ಸರಕುಗಳು ಶತ್ರುವಿನ ಕೈಸೇರದಂತೆ ಎಚ್ಚರ ವಹಿಸಬೇಕು ಎಂಬ ಉಪದೇಶವಿದೆ. ಇಲ್ಲಿ ಎರಡು ವಿಚಾರಗಳು ಬೆರೆತಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ವರ್ತಕನಿಗೂ ಲಾಭವಾಗಬೇಕೆಂಬುದು ಒಂದು. ಶತ್ರುವಿಗೆ ಸರಕು ತಪ್ಪಬೇಕೆಂಬುದು ಮತ್ತೊಂದು. ಮೊದಲನೆಯದು ವಾಣಿಜ್ಯದ ಧರ್ಮ, ಎರಡನೆಯದು ಯುದ್ಧದ ಧರ್ಮ. ಮುಂದಿನ ಒಪ್ಪಂದದ ಬಲವೂ ದೌರ್ಬಲ್ಯವೂ ಈ ಬೆರಕೆಯಲ್ಲಿಯೇ ಅಡಗಿವೆ.

1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಬಿಜಾಪುರದಿಂದ ಕಸಿದುಕೊಂಡನು; 1515ರಲ್ಲಿ ಹರ್ಮುಜ್ ಅವನ ವಶವಾಯಿತು. ಹೀಗೆ ಕುದುರೆಗಳು ಹಡಗನ್ನೇರುವ ಸ್ಥಳವೂ ಇಳಿಯುವ ಸ್ಥಳವೂ ಒಂದೇ ಕೈಗೆ ಬಂದಂತಾಯಿತು. ಗೋವೆಯ ಸುಂಕದ ಕ್ರಮವೇ ಈ ವ್ಯಾಪಾರದ ಮಹತ್ತ್ವವನ್ನು ಸಾರುತ್ತದೆ. 20 ಕುದುರೆಗಳನ್ನು ತಂದ ಹಡಗಿನ ಉಳಿದ ಸರಕಿಗೆ ಸುಂಕವಿರಲಿಲ್ಲ. ಆದರೆ ಗೋವೆಯಿಂದ ಒಳನಾಡಿಗೆ ಹೊರಡುವ ಒಂದೊಂದು ಕುದುರೆಗೂ 42 ವರಹಗಳನ್ನು ತೆರಬೇಕಾಗಿತ್ತು ಎಂದು ಇಟಲಿಯ ಪ್ರವಾಸಿ ಸೀಸರ್ ಫ್ರೆಡರಿಕ್ ತಿಳಿಸುತ್ತಾನೆ. ಬರುವ ಕುದುರೆಯನ್ನು ಆಕರ್ಷಿಸಿ, ಹೋಗುವ ಕುದುರೆಯಿಂದ ಬೊಕ್ಕಸವನ್ನು ತುಂಬಿಸಿಕೊಳ್ಳುವುದೇ ಇದರ ಮರ್ಮ.

ಆಲ್ಬುಕರ್ಕನು 1510ರಲ್ಲಿಯೇ ಲೂಯಿ ಎಂಬ ಪಾದ್ರಿಯನ್ನು ವಿಜಯನಗರಕ್ಕೆ ಕಳುಹಿಸಿ, ಕುದುರೆಗಳನ್ನು ರಾಯರಿಗೇ ಮಾರುವುದಾಗಿ ಆಶೆ ತೋರಿಸಿದ್ದನು. ಅದೇ ಆಲ್ಬುಕರ್ಕನು ಕೆಲವು ವರ್ಷಗಳ ಮೇಲೆ ಎರಡು ಕಡೆಗೂ ಮಾತು ಕಳುಹಿಸಿದನು. ವರ್ಷಕ್ಕೆ 30,000 ಕ್ರುಜಾದೊ ನಾಣ್ಯಗಳನ್ನು ಕೊಟ್ಟರೆ ಕುದುರೆಗಳೆಲ್ಲ ನಿಮಗೇ ಎಂದು ವಿಜಯನಗರಕ್ಕೂ, ಗೋವೆಯ ಎದುರಿನ ನೆಲದ ಒಂದು ಭಾಗವನ್ನು ಬಿಟ್ಟುಕೊಟ್ಟರೆ ಕುದುರೆಗಳು ನಿಮಗೇ ಎಂದು ಬಿಜಾಪುರಕ್ಕೂ ಸಂದೇಶ ಹೋಯಿತು. ಇದನ್ನು ಕೇವಲ ವಂಚನೆಯೆಂದು ತಳ್ಳಿಹಾಕುವುದು ಸರಿಯಲ್ಲ. ಇಬ್ಬರು ಗಿರಾಕಿಗಳು ಸ್ಪರ್ಧೆಯಲ್ಲಿರುವಾಗ ಏಕಮಾತ್ರ ಮಾರಾಟಗಾರನು ಹೀಗೆ ನಡೆದುಕೊಳ್ಳುವುದು ಅವನ ಸ್ಥಾನದಿಂದ ಹುಟ್ಟುವ ಸಹಜ ಪ್ರವೃತ್ತಿ. ಸ್ನೇಹದ ಮಾತು ಎಷ್ಟೇ ಮಧುರವಾಗಿರಲಿ, ಗೋವೆಯ ಹಿತವು ಎರಡು ರಾಜ್ಯಗಳ ಪೈಪೋಟಿ ಮುಂದುವರಿಯುವುದರಲ್ಲಿತ್ತೇ ಹೊರತು ಒಂದರ ಪೂರ್ಣ ವಿಜಯದಲ್ಲಿರಲಿಲ್ಲ.

ಮಾತು ಬರಹದ ರೂಪಕ್ಕೆ ಬಂದುದು 1547ರ ಸೆಪ್ಟೆಂಬರ್ 19ರಂದು. ಸಿಂಹಾಸನದಲ್ಲಿ ಸದಾಶಿವರಾಯನಿದ್ದನು, ಅಧಿಕಾರವೆಲ್ಲ ಅಳಿಯ ರಾಮರಾಯನ ಕೈಯಲ್ಲಿತ್ತು. ಗೋವೆಯ ಅಧಿಪತಿ ಜೋವಾವೊ ದ ಕಾಸ್ತ್ರೊ. ಒಪ್ಪಂದದ ಮುಖ್ಯಾಂಶಗಳನ್ನು ಹೀಗೆ ಸಂಗ್ರಹಿಸಬಹುದು. ಒಬ್ಬರ ಮಿತ್ರರು ಇನ್ನೊಬ್ಬರಿಗೂ ಮಿತ್ರರು, ಒಬ್ಬರ ಶತ್ರುಗಳು ಇನ್ನೊಬ್ಬರಿಗೂ ಶತ್ರುಗಳು. ನಿಜಾಮಶಾಹನೊಬ್ಬನಿಗೆ ಮಾತ್ರ ಇದರಿಂದ ವಿನಾಯಿತಿ. ಗೋವೆಯಲ್ಲಿ ಇಳಿಯುವ ಅರಬ್ಬೀ ಮತ್ತು ಪಾರಸಿ ಕುದುರೆಗಳನ್ನು ಯೋಗ್ಯ ಬೆಲೆಗೆ ವಿಜಯನಗರವೇ ಕೊಳ್ಳತಕ್ಕದ್ದು. ಬಿಜಾಪುರಕ್ಕೆ ಒಂದನ್ನೂ ಬಿಡತಕ್ಕದ್ದಲ್ಲ. ವಿಜಯನಗರದ ವರ್ತಕರು ತಮ್ಮ ಸರಕನ್ನು ಬಿಜಾಪುರದ ರೇವುಗಳಿಗೆ ಒಯ್ಯದೆ ಪೋರ್ಚುಗೀಸರ ಮಳಿಗೆಗಳಿರುವ ರೇವುಗಳಿಗೇ ತರತಕ್ಕದ್ದು. ನಾಡಿನ ಬಟ್ಟೆ ಅಂಕೋಲಾ ಮತ್ತು ಹೊನ್ನಾವರಗಳಿಗೆ ಬರತಕ್ಕದ್ದು. ಅದಕ್ಕೆ ಪ್ರತಿಯಾಗಿ ತಾಮ್ರ, ಹವಳ, ಪಾದರಸ, ಚೀನಾ ರೇಷ್ಮೆ ಮೊದಲಾದುವನ್ನು ಪೋರ್ಚುಗೀಸರು ಒದಗಿಸತಕ್ಕದ್ದು. ಪೆಟ್ಲುಪ್ಪು ಮತ್ತು ಕಬ್ಬಿಣಗಳ ವ್ಯವಹಾರವೂ ಬಿಜಾಪುರದ ರೇವುಗಳನ್ನು ಬಿಟ್ಟು ಪೋರ್ಚುಗೀಸರ ಮೂಲಕವೇ ನಡೆಯತಕ್ಕದ್ದು. ಆದಿಲಶಾಹನ ಮೇಲೆ ಇಬ್ಬರೂ ಕೂಡಿ ಯುದ್ಧಮಾಡತಕ್ಕದ್ದು. ಗೆದ್ದ ನೆಲ ವಿಜಯನಗರಕ್ಕೆ, ಘಟ್ಟದ ಪಶ್ಚಿಮಕ್ಕೆ ಬಾಂದೆಯಿಂದ ಸಿಂತಾಕೋರದವರೆಗಿನ ಭಾಗ ಮಾತ್ರ ಪೋರ್ಚುಗಲ್ಲಿನ ಅರಸನಿಗೆ.

ಈ ಕರಾರುಗಳನ್ನು ತೂಗಿ ನೋಡಿದರೆ, ವಿನಿಮಯದ ಅಂಶಕ್ಕಿಂತ ನಿಷೇಧದ ಅಂಶವೇ ಹೆಚ್ಚಾಗಿರುವುದು ಗೋಚರವಾಗುತ್ತದೆ. ಬಟ್ಟೆಗೆ ಬದಲಾಗಿ ತಾಮ್ರ ಮತ್ತು ರೇಷ್ಮೆ ಎಂಬ ಒಂದು ಕರಾರಿನಲ್ಲಿ ಮಾತ್ರ ಎರಡೂ ಕಡೆಯ ಉತ್ಪಾದಕರಿಗೂ ವರ್ತಕರಿಗೂ ಸಮಾನವಾದ ಹಿತವಿದೆ. ಉಳಿದುವುಗಳ ಅರ್ಥವೆಲ್ಲ ಮೂರನೆಯವನೊಬ್ಬನನ್ನು ಹೊರಗಿಡುವುದೇ ಆಗಿದೆ. ನಾಡಿನ ನೇಕಾರನಿಗೂ ವರ್ತಕನಿಗೂ ರೇವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ತಪ್ಪಿತು. ಕೊಳ್ಳುವವನು ಒಬ್ಬನೇ ಆದಾಗ ಬೆಲೆಯನ್ನು ನಿರ್ಣಯಿಸುವವನೂ ಅವನೇ ಆಗುತ್ತಾನೆ. ಸಂಡೂರಿನ ಕಬ್ಬಿಣದ ಬೆಟ್ಟಗಳು ರಾಜಧಾನಿಯ ಮಗ್ಗುಲಲ್ಲಿಯೇ ಇದ್ದರೂ ಕಬ್ಬಿಣದ ವ್ಯವಹಾರಕ್ಕೆ ಪರದೇಶದವರ ಮಳಿಗೆಯೊಂದೇ ದಾರಿಯೆಂದು ಕಾಗದದಲ್ಲಿ ಒಪ್ಪಿಕೊಂಡುದು, ಯುದ್ಧದ ದೃಷ್ಟಿ ವಾಣಿಜ್ಯದ ದೃಷ್ಟಿಯನ್ನು ಹೇಗೆ ಮಂಕುಗೊಳಿಸುತ್ತದೆಂಬುದಕ್ಕೆ ಉದಾಹರಣೆ.

ಶತ್ರುತ್ವದ ಮೇಲೆ ಕಟ್ಟಿದ ಸ್ನೇಹವು ಶತ್ರುತ್ವದಷ್ಟೇ ಚಂಚಲ. 1548ರ ಜೂನ್ ತಿಂಗಳಲ್ಲಿ ಕಾಸ್ತ್ರೊ ತೀರಿಕೊಂಡನು. ಅವನ ತರುವಾಯ ಬಂದ ಗಾರ್ಸಿಯಾ ದ ಸಾ ಅದೇ ವರ್ಷ ಬಿಜಾಪುರದೊಡನೆ ಸಂಧಿ ಮಾಡಿಕೊಂಡನು. ಅತ್ತ ರಾಮರಾಯನೂ ಕಾಲಕ್ಕೆ ತಕ್ಕಂತೆ ಆದಿಲಶಾಹನೊಡನೆ ಕೂಡಿದನು. 1558ರಲ್ಲಿ ಪೋರ್ಚುಗೀಸರ ನೆಲೆಯಾಗಿದ್ದ ಮೈಲಾಪುರದ ಸಾಂತೋಮಿನ ಮೇಲೆ ದಂಡೆತ್ತಿ ಹೋದನು. ಒಪ್ಪಂದವನ್ನು ಮುರಿದವರು ಯಾರು ಎಂದು ಇಲ್ಲಿ ಕೇಳುವುದಕ್ಕಿಂತ, ಅದನ್ನು ಹಿಡಿದು ನಿಲ್ಲಿಸುವ ಹಿತ ಯಾರಿಗಿತ್ತು ಎಂದು ಕೇಳುವುದು ಹೆಚ್ಚು ಫಲಕಾರಿ.

ಆದರೂ ಬರಹದ ಒಪ್ಪಂದ ಸತ್ತಮೇಲೆಯೂ ವರ್ತಕರ ವ್ಯಾಪಾರ ಸಾಯಲಿಲ್ಲ. ಅದರ ನಿಜವಾದ ಬೆಲೆ ತಿಳಿದುದು 1565ರ ರಕ್ಕಸತಂಗಡಿ ಯುದ್ಧದ ಅನಂತರ. 1567ರಲ್ಲಿ ವಿಜಯನಗರದಲ್ಲಿ ಏಳು ತಿಂಗಳು ತಂಗಿದ್ದ ಸೀಸರ್ ಫ್ರೆಡರಿಕ್, ಕುದುರೆಗಳನ್ನು ತರಿಸಿಕೊಂಡ ಅಂದಿನ ಆಳುವವನು ಹಣವನ್ನು ಕೊಡದೆ ವರ್ತಕರನ್ನು ಬರಿಗೈಯಲ್ಲಿ ಕಳುಹಿಸಿದನೆಂದು ಹೇಳುತ್ತಾನೆ. ಸತ್ತ ಕುದುರೆಯ ಬಾಲಕ್ಕೂ ಬೆಲೆ ಕೊಟ್ಟ ನಾಡಿನಲ್ಲಿ ಬದುಕಿದ ಕುದುರೆಗೂ ಬೆಲೆ ದೊರೆಯದಂತಾಯಿತು. ವಿಜಯನಗರದ ಪತನದಿಂದ ಗೋವೆಯ ಸುಂಕದ ಆದಾಯ ಕುಗ್ಗಿತೆಂದೂ, ಕುದುರೆ, ಮಕಮಲ್ಲು, ರೇಷ್ಮೆಗಳ ವ್ಯಾಪಾರದಿಂದ ಬಾಳುತ್ತಿದ್ದ ಅಲ್ಲಿಯ ನಿವಾಸಿಗಳ ಸ್ಥಿತಿ ಇಳಿಮುಖವಾಯಿತೆಂದೂ ಪೋರ್ಚುಗೀಸ್ ಚರಿತ್ರಕಾರ ಕೌಟೊ ವ್ಯಸನದಿಂದ ಬರೆದಿದ್ದಾನೆ. 1570ರಲ್ಲಿ ಆದಿಲಶಾಹನು ಗೋವೆಯನ್ನೇ ಮುತ್ತಿದನು. ಎರಡು ಗಿರಾಕಿಗಳ ಪೈಪೋಟಿಯಿಂದ ಲಾಭ ಪಡೆದ ಮಾರಾಟಗಾರನಿಗೆ, ಒಬ್ಬ ಗಿರಾಕಿ ನಾಶವಾದಾಗ ತನ್ನ ಭದ್ರತೆಯೂ ನಾಶವಾಯಿತೆಂಬುದು ತಡವಾಗಿ ಅರಿವಾಯಿತು.

ಇನ್ನು ಹೊಸಪೇಟೆಯ ಏರಿಯ ಮಾತು. ಕೃಷ್ಣದೇವರಾಯನು ನಾಗಲಾಪುರವನ್ನು, ಎಂದರೆ ಇಂದಿನ ಹೊಸಪೇಟೆಯನ್ನು, ಕಟ್ಟಿಸಿದಾಗ ಜೋವಾವೊ ದ ಲಾ ಪೊಂತೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದ ನಿಪುಣನು ಗೋವೆಯಿಂದ ಬಂದು ಕೆರೆಯ ಕೆಲಸದಲ್ಲಿ ಸಲಹೆಗಾರನಾಗಿದ್ದನೆಂದು ನೂನಿಜ್‌ ತಿಳಿಸುತ್ತಾನೆ. ಅವನು ಸುಣ್ಣವನ್ನು ಸಿದ್ಧಪಡಿಸಲು ಕೇಳಿದಾಗ ಈ ದೇಶದವರಿಗೆ ಸುಣ್ಣದ ಉಪಯೋಗ ತಿಳಿಯದ ಕಾರಣ ರಾಯನು ನಕ್ಕನಂತೆ. ಹಂಪಿಯ ಕಟ್ಟಡಗಳಲ್ಲಿ ಇಂದಿಗೂ ಉಳಿದಿರುವ ಗಾರೆಯ ಕೆಲಸವನ್ನು ಕಂಡವರು ಈ ಮಾತನ್ನು ಒಪ್ಪಲಾರರು. ಪರದೇಶದ ಲೇಖಕರನ್ನು ಎಚ್ಚರದಿಂದ ಓದಬೇಕೆಂಬುದಕ್ಕೆ ಇದೂ ಒಂದು ಪಾಠ. ಕೆರೆಯ ಕೆಲಸದಲ್ಲಿ 15–20 ಸಾವಿರ ಜನ ದುಡಿಯುತ್ತಿದ್ದುದನ್ನು ಪಾಯೆಸ್ ಕಣ್ಣಾರೆ ಕಂಡನು. ಏರಿ ಮತ್ತೆ ಮತ್ತೆ ಒಡೆದಾಗ ನರಬಲಿ ನಡೆಯಿತೆಂದು ಇಬ್ಬರೂ ಹೇಳುತ್ತಾರೆ. ಇಂಥ ಕಾರ್ಯಗಳ ಮೂಲ್ಯವನ್ನು ಎಣಿಸುವಾಗ ಇದನ್ನು ಮರೆಯಲಾಗದು.

ಆದರೆ ಪರಿಣಾಮ ಗಮನಾರ್ಹ. ಈ ನೀರಿನಿಂದ ಕಾಲುವೆಗಳು, ಗದ್ದೆಗಳು, ತೋಟಗಳು ಎದ್ದುವು. ನೆಲವನ್ನು ಹದಮಾಡಿಕೊಳ್ಳಲು ರೈತರಿಗೆ ಒಂಬತ್ತು ವರ್ಷಗಳ ಕಾಲ ಕಂದಾಯವಿರಲಿಲ್ಲ. ಆಮೇಲೆ ಅದೇ ನೆಲದಿಂದ 20,000 ವರಹಗಳ ಉತ್ಪತ್ತಿ ಬರುತ್ತಿತ್ತೆಂದು ನೂನಿಜ್‌ ಲೆಕ್ಕ ಕೊಡುತ್ತಾನೆ. ಪರದೇಶದ ಒಬ್ಬ ಕೆಲಸಗಾರನ ಸಲಹೆ, ನಾಡಿನ ಸಾವಿರಾರು ಜನರ ದುಡಿಮೆ, ಆಳುವವರ ತಾಳ್ಮೆ ಈ ಮೂರೂ ಕೂಡಿದಲ್ಲಿ ಸಂಪತ್ತು ಹೊಸದಾಗಿ ಹುಟ್ಟಿತು. ಕುದುರೆಯಾದರೋ ವರ್ಷವರ್ಷಕ್ಕೂ ಸಾಯುತ್ತಿತ್ತು, ವರ್ಷವರ್ಷಕ್ಕೂ ಹೊನ್ನು ಹೊರಗೆ ಹೋಗುತ್ತಿತ್ತು. ಕುದುರೆ ಬೇಕಿರಲಿಲ್ಲವೆಂದು ನಾವು ಹೇಳುವುದಿಲ್ಲ. ರಾಜ್ಯ ಉಳಿಯಲು ಅದು ಬೇಕಾಗಿತ್ತು. ಆದರೆ ವಾಣಿಜ್ಯಕ್ಕೂ ಆರ್ಥಿಕ ಸಹಕಾರಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಒಂದು ಸರಕನ್ನು ಸಾಗಿಸುತ್ತದೆ. ಇನ್ನೊಂದು ನಾಡಿನ ಶಕ್ತಿಯನ್ನು ಬೆಳೆಸುತ್ತದೆ.

ಈ ವಿಚಾರ ಗತಕಾಲಕ್ಕೆ ಮಾತ್ರ ಸೀಮಿತವಾದುದಲ್ಲ. 20ನೆಯ ಶತಮಾನದಲ್ಲಿ ಸಂಡೂರಿನ ಮ್ಯಾಂಗನೀಸ್ ಪರದೇಶಕ್ಕೆ ಹೋಯಿತು. ಮುಂದೆ ಬಳ್ಳಾರಿ–ಹೊಸಪೇಟೆ ಸೀಮೆಯ ಕಬ್ಬಿಣದ ಅದಿರು ಜಪಾನಿಗೂ, 2000ದ ದಶಕದಲ್ಲಿ ಬಹುವಾಗಿ ಚೀನಕ್ಕೂ ಸಾಗಿತು. 2010ರಲ್ಲಿ ಕರ್ನಾಟಕ ಸರ್ಕಾರ ಅದಿರಿನ ರಫ್ತನ್ನು ತಡೆಯಿತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರಲ್ಲಿ ನಿಯಮಗಳಿಗೆ ಒಳಪಡಿಸಿ ಬಹುಪಾಲು ಗಣಿಗಳಿಗೆ ಅನುಮತಿ ಕೊಟ್ಟಿತು. 2022ರಲ್ಲಿ ರಫ್ತಿಗೂ ಅವಕಾಶವಾಯಿತು. ಅಂದು ಕುದುರೆ ಬರುತ್ತಿತ್ತು, ಇಂದು ಅದಿರು ಹೋಗುತ್ತದೆ; ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ. ಈ ವಿನಿಮಯವು ಮುಗಿದ ಮೇಲೆ ಚೋರನೂರು, ಸಂಡೂರುಗಳ ಜನರ ಕೈಯಲ್ಲಿ ಯಾವ ವಿದ್ಯೆ, ಯಾವ ನೀರು, ಯಾವ ನೆಲ ಉಳಿಯುತ್ತದೆ?

ಈ ಸೀಮೆಯ ಕಾಲೇಜುಗಳ ಅಧ್ಯಾಪಕರು ಒಪ್ಪಂದಗಳ ಪಾಠ ಹೇಳುವಾಗ ತಮ್ಮ ವಿದ್ಯಾರ್ಥಿಗಳನ್ನು ಒಮ್ಮೆ ಆ ಏರಿಯ ಮೇಲೆ ನಿಲ್ಲಿಸಿ ಈ ಪ್ರಶ್ನೆಯನ್ನು ಕೇಳಿದರೆ ಒಳ್ಳೆಯದು. 1547ರ ಕಾಗದ ಒಂದು ವರ್ಷವೂ ಬಾಳಲಿಲ್ಲ. ಏರಿಯಾದರೋ ಐದು ಶತಮಾನಗಳ ಮೇಲೆಯೂ ಕಣ್ಣೆದುರಿಗಿದೆ.