ಸಾಫ್ಟ್‌ವೇರ್ ಆರಿಸುವ ಮುಂಚೆ ಹೊರಗೆ ಬರೋ ದಾರಿ ನೋಡಿ

ನಿವೃತ್ತರಾದ ಗಣಿತ ಮೇಷ್ಟ್ರೊಬ್ಬರು ನನ್ನ ಕೈಗೆ ಒಂದು ಪೆನ್‌ಡ್ರೈವ್ ಕೊಟ್ಟರು. ಹದಿನಾಲ್ಕು ವರ್ಷ ಕೂತು ಟೈಪ್ ಮಾಡಿದ ಪ್ರಶ್ನೆಗಳು. "ನೀವಾದ್ರೂ ಉಪಯೋಗಿಸ್ಕೊಳ್ಳಿ ಮೇಡಂ" ಅಂದರು. ಅಂತರಸನಹಳ್ಳಿಯ ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಒಂದಕ್ಷರ ಕನ್ನಡ ಇಲ್ಲ. ಬಾಲ, ಚುಕ್ಕೆ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ!

ಮೇಷ್ಟ್ರ ತಪ್ಪೇನಿಲ್ಲ. ಹಳೆಯ ಫಾಂಟ್‌ಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯನ್ನೇ. ಫಾಂಟ್ ಅದರ ಮೇಲೆ ಕನ್ನಡದ ವೇಷ ಹಾಕುತ್ತಿತ್ತು, ಅಷ್ಟೇ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತೆ. ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. 'ಕ' ಅಂದರೆ 3221. ತುಮಕೂರಿನಲ್ಲಿ ಬರೆದದ್ದನ್ನು ದುಬೈನಲ್ಲಿ ತೆರೆದರೂ ಅದು 'ಕ'ನೇ. ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಕನ್ನಡ ಆಗಲೇ ಅದರಲ್ಲಿತ್ತು. ನಮ್ಮ ಶಾಲೆ, ಕಚೇರಿ, ಡಿಟಿಪಿ ಅಂಗಡಿಗಳಿಗೆ ಅದು ತಲುಪಲು ಬಹಳ ವರ್ಷ ಹಿಡಿಯಿತು. ಆ ನಡುವಿನ ವರ್ಷಗಳ ದುಡಿಮೆಯೆಲ್ಲ ಇಂಥ ಪೆನ್‌ಡ್ರೈವ್‌ಗಳಲ್ಲಿ ಸಿಕ್ಕಿಕೊಂಡಿದೆ.

ಇದು ಮೇಷ್ಟ್ರುಗಳ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ನನ್ನ ತಮ್ಮ ಇಲ್ಲಿನ ತರಕಾರಿ ಮಾರುಕಟ್ಟೆಯಲ್ಲಿ ಮಂಡಿ ಇಟ್ಟಿದ್ದಾನೆ. ಯಾವ ರೈತರ ಟೊಮೆಟೊ ಎಷ್ಟು ಬಾಕ್ಸ್ ಬಂತು, ಯಾರಿಗೆ ಎಷ್ಟು ಬಾಕಿ ಅನ್ನೋದನ್ನೆಲ್ಲ ಮೊಬೈಲ್‌ನ ಒಂದು ಉಚಿತ ಆ್ಯಪ್‌ನಲ್ಲಿ ಬರೆಯುತ್ತಿದ್ದ. ಒಂದು ದಿನ ಆ್ಯಪ್ ತೆರೆಯಲೇ ಇಲ್ಲ. "ಅಕ್ಕ, ಒಂದು ಸೀಸನ್ ಲೆಕ್ಕ ಹೋಯ್ತು. ಬೆಳಗ್ಗೆ ರೈತ್ರು ಬಂದು ನಿಂತ್ರೆ ಏನು ಹೇಳ್ಲಿ?" ಅಂದಾಗ ಅವನ ಗಂಟಲು ಕಟ್ಟಿತ್ತು. ಕೊನೆಗೆ ಕಾಪಾಡಿದ್ದು ಗೋಣಿಚೀಲದಲ್ಲಿ ತುಂಬಿಟ್ಟಿದ್ದ ಕಾಗದದ ಚೀಟಿಗಳು.

ಅವತ್ತಿನಿಂದ ನಾನು ಯಾವುದೇ ಹೊಸ ಸಾಫ್ಟ್‌ವೇರ್ ನೋಡಿದರೂ "ಇದರಲ್ಲಿ ಏನೇನಿದೆ?" ಅಂತ ಮೊದಲು ಕೇಳೋದಿಲ್ಲ. ಬೇರೆ ನಾಲ್ಕು ಪ್ರಶ್ನೆ ಕೇಳ್ತೀನಿ.

ಒಂದು, ನನ್ನ ಕೆಲಸವನ್ನು ಹೊರಗೆ ತೆಗೆಯಬಹುದಾ? ದೊಡ್ಡ ಕಂಪನಿಯದ್ದಾದರೆ ಶಾಶ್ವತ ಅಂತ ನಂಬಬೇಡಿ. ಗೂಗಲ್ ತನ್ನ ಜಾಮ್‌ಬೋರ್ಡ್ ಎಂಬ ಆನ್‌ಲೈನ್ ಕಪ್ಪುಹಲಗೆಯನ್ನು 2024ರ ಕೊನೆಗೆ ಮುಚ್ಚಿತು. ಮುಂಚೆಯೇ ಹೇಳಿತ್ತು, ಕಡತ ತೆಗೆದುಕೊಳ್ಳಲು ಸಮಯವನ್ನೂ ಕೊಟ್ಟಿತ್ತು. ಎಲ್ಲರೂ ಹಾಗೆ ಕೊಡುತ್ತಾರೆ ಅಂತೇನಿಲ್ಲ. ಗೂಗಲ್ ಫಾರ್ಮ್‌ನಲ್ಲಿ ಕಿರುಪರೀಕ್ಷೆ ಮಾಡಿದರೆ ಉತ್ತರಗಳನ್ನು ಎಕ್ಸೆಲ್‌ನಲ್ಲಿ ತೆರೆಯುವಂತೆ ಇಳಿಸಿಕೊಳ್ಳಬಹುದು. ಇಂಥ ದಾರಿ ಇಲ್ಲದ ಆ್ಯಪ್ ಎಷ್ಟು ಚೆಂದ ಇದ್ದರೂ ನನಗೆ ಬೇಡ.

ಎರಡು, ಕರೆಂಟು, ನೆಟ್ ಇಲ್ಲದಾಗಲೂ ನಡೆಯುತ್ತಾ? ರೇಖಾಗಣಿತ ಹೇಳಿಕೊಡಲು ನಾನು ಬಳಸೋದು ಜಿಯೋಜೀಬ್ರಾ. ಮಾರ್ಕಸ್ ಹೋಹೆನ್‌ವಾರ್ಟರ್ ಎಂಬುವರು 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಶುರುಮಾಡಿದ್ದು. ಒಮ್ಮೆ ಮೊಬೈಲಿಗೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ತ್ರಿಭುಜದ ತುದಿ ಎಳೆದಾಡಬಹುದು. ಎಷ್ಟೇ ಎಳೆದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯೇ ಅನ್ನೋದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಮೂರು, ಕನ್ನಡ ಸರಿಯಾಗಿ ಕೂರುತ್ತಾ? 'ಸ್ತ್ರೀ', 'ರಾಷ್ಟ್ರ', 'ಅರ್ಕಾವತಿ' ಅಂತ ಟೈಪ್ ಮಾಡಿ, ಪಿಡಿಎಫ್ ಮಾಡಿ, ಇನ್ನೊಬ್ಬರ ಫೋನಿನಲ್ಲಿ ತೆರೆಯಿರಿ. ಒತ್ತಕ್ಷರ, ಅರ್ಕಾವತ್ತು ಒಡೆದಿದ್ದರೆ ಅಲ್ಲಿಗೇ ಬಿಡಿ. ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಈ ಪರೀಕ್ಷೆಯಲ್ಲಿ ನನಗೆ ಕೈಕೊಟ್ಟಿಲ್ಲ.

ನಾಲ್ಕು, ಬದಲಿಗೆ ಏನು ಕೇಳ್ತಿದೆ? ಜೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ಮುಗಿಯುತ್ತೆ. ಅದು ಬಾಯಿಬಿಟ್ಟು ಹೇಳಿದ ಬೆಲೆ. ಆದರೆ ಅಂಕ ಕೂಡೋ ಆ್ಯಪ್‌ಗೆ ನನ್ನ ಫೋನಿನಲ್ಲಿರೋ ನಂಬರುಗಳೆಲ್ಲ ಯಾಕೆ ಬೇಕು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಸಾಮಾನ್ಯವಾಗಿ ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಮಕ್ಕಳ ಹೆಸರು, ಫೋಟೋ, ಅಪ್ಪ-ಅಮ್ಮನ ನಂಬರನ್ನು ಸಿಕ್ಕಸಿಕ್ಕ ಆ್ಯಪ್‌ಗೆ ಸುರಿಯೋ ಹಕ್ಕು ಟೀಚರ್ ಆದ ಮಾತ್ರಕ್ಕೆ ನನಗೆ ಬರೋದಿಲ್ಲ.

ಹಾಗಂತ ಎಲ್ಲವನ್ನೂ ಒಬ್ಬೊಬ್ಬ ಟೀಚರ್ ತಲೆಗೆ ಕಟ್ಟೋದೂ ಸರಿಯಲ್ಲ. ಪಕ್ಕದ ಕೇರಳ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಿಗೆ ಸ್ವತಂತ್ರ ತಂತ್ರಾಂಶವನ್ನೇ ಆರಿಸಿಕೊಂಡು, ಶಿಕ್ಷಕರಿಗೆ ಅದರಲ್ಲೇ ತರಬೇತಿ ಕೊಟ್ಟಿತು. ನಮ್ಮಲ್ಲೂ ರಾಜ್ಯದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಕಟ್ಟಿದವು. ಶಿಕ್ಷಕರೇ ಪಾಠ ಬರೆದು, ತಿದ್ದಿ, ಹಂಚಿಕೊಳ್ಳುವ ತಾಣ ಅದು. ಅಂದರೆ ನಮಗೆ ದಾರಿ ಗೊತ್ತಿಲ್ಲ ಅಂತಲ್ಲ. ಅದೇ ದಾರಿಯಲ್ಲಿ ಬಿಡದೆ ನಡೆಯಬೇಕು ಅಷ್ಟೇ.

ಅಂದಹಾಗೆ, ಮೇಷ್ಟ್ರ ಪ್ರಶ್ನೆಗಳು ಬದುಕಿದವು. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಭಿನ್ನರಾಶಿ, ವರ್ಗಮೂಲಗಳನ್ನು ಮಾತ್ರ ಕೈಯಿಂದಲೇ ತಿದ್ದಬೇಕಾಯ್ತು. ದಸರಾ ರಜೆ ಪೂರ್ತಿ ಅದಕ್ಕೇ ಹೋಯ್ತು. ಈಗ ಲ್ಯಾಪ್‌ಟಾಪ್‌ನಲ್ಲೊಂದು, ಪೆನ್‌ಡ್ರೈವ್‌ನಲ್ಲೊಂದು, ಆನ್‌ಲೈನ್‌ನಲ್ಲೊಂದು ಪ್ರತಿ ಇದೆ. ಒಂದನ್ನು ಮೇಷ್ಟ್ರ ವಾಟ್ಸಾಪ್‌ಗೂ ಕಳಿಸಿದೆ. ಐದೇ ನಿಮಿಷಕ್ಕೆ ಫೋನ್ ಬಂತು: "ಹನ್ನೆರಡನೇ ಲೆಕ್ಕದಲ್ಲಿ ತಪ್ಪಿದೆಯಲ್ಲಮ್ಮ, ಯಾರು ಮಾಡಿದ್ದು?"

ಅವರದ್ದೇ ತಪ್ಪು. ನಾನು ಹೇಳಲಿಲ್ಲ.

ತಮ್ಮ ಈಗ ಲೆಕ್ಕವನ್ನು ಒಂದು ಸಾದಾ ಶೀಟ್‌ನಲ್ಲಿ ಬರೆದು, ಪ್ರತಿ ಶನಿವಾರ ಪ್ರಿಂಟ್ ತೆಗೆದಿಡುತ್ತಾನೆ. ಗೋಣಿಚೀಲವನ್ನೂ ಎಸೆದಿಲ್ಲ.